ಹುಳದ ಮನೆಗೆ ಗಾಳಿ ತಂದ ಬೆಂಕಿ

ಎಂಬತ್ತೆಂಟನೇ ಇಸವಿ, ಏಪ್ರಿಲ್ ಮುಗಿಯಲು ಇನ್ನು ನಾಲ್ಕೇ ದಿನ. ಬೆಳಿಗ್ಗೆ ಹತ್ತು ಗಂಟೆಗೆಲ್ಲ ನೇರಳೆಗುಟ್ಟದ ಬಂಡೆಗಳು ದೋಸೆ ಹೆಂಚಿನ ಹಾಗೆ ಕಾದಿದ್ದವು. ಊರಿನ ಮೂವತ್ತು ಪಂಪ್‌ಸೆಟ್ಟುಗಳೂ ಒಟ್ಟಿಗೇ ನೀರೆಳೆಯುತ್ತಿದ್ದವು. ಶಾಲೆ ಹಿಂದಿನ ಟ್ರಾನ್ಸ್‌ಫಾರ್ಮರ್ ಅಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. ಗೂಳಿಯಂತೆ ಒಂದು ಸಲ ಗುಟುರು ಹಾಕಿ, ಢಮಾರ್ ಎಂದು ಕರಿ ಎಣ್ಣೆ ಕಾರಿಕೊಂಡು ತಣ್ಣಗಾಯಿತು. ಅವತ್ತು ಇಡೀ ಊರಿನಲ್ಲಿ ತಣ್ಣಗಾದದ್ದು ಅದೊಂದೇ.

ಬಂಗಾರಪೇಟೆಯಿಂದ ಐದು ಮೈಲಿ ಸೈಕಲ್ ತುಳಿದುಕೊಂಡು ಬಂದ ಲೈನ್‌ಮನ್, ಕಂಬವನ್ನು ಹತ್ತಲೂ ಇಲ್ಲ. ಕೆಳಗೇ ನಿಂತು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, "ಇದು ಸತ್ತೋಗೈತೆ. ಒಸದು ಬರ್ಬೇಕು. ಮೂರು ದಿನ" ಅಂದ.

ಊರಿನವರು ಮೂರು ದಿನ ತಾನೇ ಎಂದು ಚಾಪೆ ಎತ್ತಿಕೊಂಡು ಹೊಂಗೆ ಮರದ ಕೆಳಗೆ ಹೋದರು. ಕದಿರಮ್ಮ ಮಾತ್ರ ಮನೆಗೆ ಓಡಿದಳು. ಅವಳ ಹುಳದ ಮನೆಯಲ್ಲಿ ನೂರು ಮೊಟ್ಟೆಯ ರೇಷ್ಮೆ ಹುಳುಗಳಿದ್ದವು. ನೂರು ಮೊಟ್ಟೆ ಎಂದರೆ ಲೆಕ್ಕಕ್ಕೆ ನೂರು, ಹುಳುಗಳು ನಲವತ್ತು ಸಾವಿರ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಆರನೇ ದಿನ. ನಲವತ್ತು ತಟ್ಟೆಗಳಲ್ಲಿ ಒಂದೊಂದೂ ಕಿರುಬೆರಳಷ್ಟು ದಪ್ಪವಾಗಿ, ಹಿಪ್ಪುನೇರಳೆ ಸೊಪ್ಪನ್ನು ಸರಸರ ಮೇಯುತ್ತಿದ್ದರೆ ಹೊರಗೆ ನಿಂತವರಿಗೆ ತುಂತುರು ಮಳೆ ಬಂದಂತೆ ಕೇಳಿಸುತ್ತಿತ್ತು. ಇನ್ನೊಂದು, ಹೆಚ್ಚೆಂದರೆ ಎರಡು ದಿನ. ಆಮೇಲೆ ಹುಳು ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ.

ಆದರೆ ಹುಳದ ಮನೆಗೆ ಹಾಕಿದ್ದು ಸಿಮೆಂಟು ಶೀಟು. ಹೋದ ವರ್ಷ ಗಂಡ ಕೋದಂಡಪ್ಪ ಹುಲ್ಲಿನ ಚಾವಣಿ ಕಿತ್ತು ಶೀಟು ಹಾಕಿಸಿ, ಬಿಸಿಲಿಗೆ ಇರಲಿ ಎಂದು ಎರಡು ಟೇಬಲ್ ಫ್ಯಾನು ತಂದಿಟ್ಟಿದ್ದ. ಶೀಟು ಹಾಕಿದ ಮೇಲೆ ಎರಡು ಬೆಳೆ ಹೋಯಿತು. ಒಂದು ಸಪ್ಪೆ ರೋಗಕ್ಕೆ, ಇನ್ನೊಂದು ಊಜಿ ನೊಣಕ್ಕೆ. ಕೋದಂಡಪ್ಪ ಕೆಟ್ಟವನಲ್ಲ, ಸೋಲು ಸಹಿಸದವನು. ಬೆಳಗಿನ ಜಾವದ ರೈಲಿಗೆ ಬೆಂಗಳೂರಿನ ಗೋಡೌನ್ ಕೆಲಸಕ್ಕೆ ಹೊರಡುವಾಗ ಅವತ್ತೂ ಹೇಳಿಯೇ ಹೋಗಿದ್ದ: "ಇದೂ ಓದ್ರೆ ಮುಗೀತು ಕದಿರಿ. ಸೊಪ್ಪಿನ ಗಿಡ ಬೇರ್ ಸಮೇತ ಕಿತ್ತು ಟೊಮೇಟೊ ಆಕ್ತೀನಿ. ಆಮೇಲೆ ಅಳಬ್ಯಾಡ."

ಅಳುವುದಕ್ಕೆ ಕಾರಣವಿತ್ತು. ಆ ಅರ್ಧ ಎಕರೆ ಹಿಪ್ಪುನೇರಳೆಯನ್ನು ಒಂದೊಂದು ಕಡ್ಡಿಯಾಗಿ ನೆಟ್ಟವಳು ಅವಳು. ಊರಿನಲ್ಲಿ ಅವಳನ್ನು ಕೋದಂಡಪ್ಪನ ಹೆಂಡತಿ ಎನ್ನದೆ ಕದಿರಮ್ಮ ಎಂದು ಹೆಸರು ಹಿಡಿದು ಕರೆಯುತ್ತಿದ್ದರೆ, ಅದು ಆ ಗಿಡಗಳ ದಯೆ.

ಫ್ಯಾನು ನಿಂತ ಕೂಡಲೇ ಅವಳೂ ಅತ್ತೆ ಅಕ್ಕಯ್ಯಮ್ಮನೂ ಊರೆಲ್ಲ ಮಾಡುವುದನ್ನೇ ಮಾಡಿದರು. ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ನಾಲ್ಕು ಕಿಟಕಿಗೂ ಬಾಗಿಲಿಗೂ ಒತ್ತೊತ್ತಾಗಿ ಕಟ್ಟಿದರು. ನೆಲಕ್ಕೆ ನೀರು ಚಿಮುಕಿಸಿದರು. ಶೀಟಿನ ಮೇಲೆ ತೆಂಗಿನ ಗರಿ ಹೊದೆಸಿದರು. ಅರ್ಧ ಗಂಟೆ ಚೆನ್ನಾಗಿತ್ತು. ಇಲಾಖೆಯವರು ಕೊಟ್ಟಿದ್ದ ಥರ್ಮಾಮೀಟರ್ ಮೂರು ಗೆರೆ ಇಳಿದದ್ದನ್ನು ನೋಡಿ ಅಕ್ಕಯ್ಯಮ್ಮ ಮುತ್ಯಾಲಮ್ಮನಿಗೆ ಹರಕೆಯನ್ನೂ ಹೊತ್ತಳು.

ಹನ್ನೆರಡು ಗಂಟೆಗೆ ಕದಿರಮ್ಮ ಮತ್ತೆ ಒಳಗೆ ಹೋದಾಗ ಮುಖಕ್ಕೆ ಯಾರೋ ಬಿಸಿ ಬಟ್ಟೆ ಒತ್ತಿದ ಹಾಗಾಯಿತು. ಉಸಿರೇ ಒದ್ದೆ. ಥರ್ಮಾಮೀಟರ್ ಮೂವತ್ತೆಂಟು. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಸದ್ದು. ಸದ್ದೇ ಇರಲಿಲ್ಲ. ಹಾಕಿದ ಸೊಪ್ಪು ಹಾಕಿದಂತೆಯೇ ಇತ್ತು. ಹುಳುಗಳು ತಲೆ ಎತ್ತಿಕೊಂಡು, ಯಾರನ್ನೋ ಕಾಯುತ್ತಿರುವ ಹಾಗೆ ನಿಶ್ಚಲವಾಗಿದ್ದವು. ಮೂಲೆಯ ತಟ್ಟೆಯಲ್ಲಿ ನಾಲ್ಕೈದು ಹಸಿರು ರಸ ಕಾರಿಕೊಂಡು ಜೋಲು ಬಿದ್ದಿದ್ದವು.

"ಏನಮ್ಮೀ ಕದಿರಿ, ನಿನ್ ಶೀಟ್ ಮನೆ ಇಡ್ಲಿ ಪಾತ್ರೆ ಆಗೋಯ್ತಂತಲ್ಲೇ!" ಬೇಲಿಯಾಚೆಯಿಂದ ಪಕ್ಕದ ಮನೆಯ ಅಮ್ಮಾಜಮ್ಮ ಕೂಗಿದಳು. ಅವಳ ಹುಳದ ಮನೆಗೆ ಇನ್ನೂ ಹಳೇ ಹುಲ್ಲಿನ ಚಾವಣಿ. "ನಮ್ದೇನೋ ಬಡವರ ಗುಡ್ಲು. ಪ್ಯಾನೂ ಬ್ಯಾಡ, ಕರೆಂಟೂ ಬ್ಯಾಡ."

"ನಿನ್ ನಾಲ್ಗೆ ಬೀಸಿದ್ರೆ ಸಾಕು, ನಿಮ್ಮನೇಗೆ ಪ್ಯಾನ್ ಯಾಕೆ?" ಎಂದು ಅಕ್ಕಯ್ಯಮ್ಮ ಇಲ್ಲಿಂದಲೇ ಕೊಟ್ಟಳು.

ಇಷ್ಟು ಹೊತ್ತೂ ಜಗಲಿಯ ತುದಿಯಲ್ಲಿ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದ. ಕದಿರಮ್ಮನ ಅಪ್ಪ ಮುನಿಸ್ವಾಮಪ್ಪ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ಇಳಿದು ಹತ್ತಿ, ರಿಟೈರಾಗಿ, ಆಂಡರ್ಸನ್‌ಪೇಟೆಯಲ್ಲಿ ಮಗನ ಮನೆಯಲ್ಲಿದ್ದವನು. ಬೇಸಿಗೆ ರಜೆಗೆಂದು ಕದಿರಮ್ಮನ ಮಕ್ಕಳು ಅಲ್ಲಿಗೆ ಹೋಗಿದ್ದವು. ಮೊಮ್ಮಕ್ಕಳ ಗಲಾಟೆ ತಡೆಯದೆ ತಾತ ಇಲ್ಲಿಗೆ ಬಂದಿದ್ದ. ಬಂದ ದಿನವೇ ಅಕ್ಕಯ್ಯಮ್ಮ ಅವನಿಗೊಂದು ಗಡಿ ಗೆರೆ ಹಾಕಿದ್ದಳು: "ಬೀಗರೇ, ತಪ್ಪು ತಿಳ್ಕೋಬೇಡಿ. ಉಳದ ಮನೆ ಕಡೀಕೆ ಮಾತ್ರ ಬರಬ್ಯಾಡಿ." ಯಾಕೆಂದರೆ ಮುನಿಸ್ವಾಮಪ್ಪ ಹೊಗೆಸೊಪ್ಪು ಹಾಕುತ್ತಿದ್ದ. ಗಣಿಯೊಳಗೆ ಬಾಯಿ ಒಣಗದಿರಲಿ ಎಂದು ಹಿಡಿದ ಚಟ. ಅವನ ಬೆರಳು, ಪಂಚೆ, ಉಸಿರು ಎಲ್ಲವೂ ಹೊಗೆಸೊಪ್ಪೇ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಒಂದೆಲೆ ಹಾಕಿದರೂ ರೇಷ್ಮೆ ಹುಳು ಸುರುಟಿಕೊಂಡು ಸಾಯುತ್ತದೆ. ರೇಷ್ಮೆ ಮಾಡುವ ಮನೆಯ ಎಳೆ ಮಗುವಿಗೂ ಗೊತ್ತಿರುವ ಮಾತು.

ಅವನು ಜಗಲಿಯಿಂದ ಮಗಳನ್ನು ಕೂಗಿದ: "ಅಮ್ಮಣ್ಣೀ, ಒಳ್ಗಡೆ ಗಾಳಿ ಆಡ್ತದಾ?"

"ಎಲ್ಲಾ ಮುಚ್ಚಿವ್ನಲ್ಲಪ್ಪ, ಎಲ್ಲಿಂದ ಆಡ್ತದೆ?"

"ಒಂದ್ ಚಿಟಿಕೆ ರಾಗಿಹಿಟ್ಟು ತಗೊಂಡೋಗಿ ಮೇಲಿಂದ ಬಿಟ್ಟು ನೋಡು. ಎಂಗೆ ಬೀಳ್ತದೆ ಏಳು."

ಅಪ್ಪನಿಗೆ ಬಿಸಿಲು ತಲೆಗೇರಿದೆ ಅಂದುಕೊಂಡಳು. ಆದರೆ ಮಾಡಲು ಬೇರೇನೂ ಇರಲಿಲ್ಲ. ಒಳಗೆ ಹೋಗಿ ಹಿಟ್ಟು ಬಿಟ್ಟಳು. ಬಾವಿಗೆ ಕಲ್ಲು ಹಾಕಿದಂತೆ ನೆಟ್ಟಗೆ ಬಿತ್ತು. ಹಾಗೇ ಹೇಳಿದಳು.

"ಸೆತ್ತ ಗಾಳಿ" ಎಂದು ಮುನಿಸ್ವಾಮಪ್ಪ ಬಾಯಲ್ಲಿದ್ದುದನ್ನು ಉಗಿದು ಎದ್ದು ನಿಂತ. "ಒಣ ಬಿಸಿ ಮನ್ಸನ್ನ ಬೆವರಿಸ್ತದೆ ಅಷ್ಟೆ. ಒದ್ದೆ ಬಿಸಿ ಇಡ್ಕಂಡು ಒಡೀತದೆ. ಗಣಿ ಅಡೀಲಿ ಎಷ್ಟು ಜನಾನ ಎತ್ತಾಕಿವ್ನಿ ನಾನು. ನೀರು ಸರೀನೇ ಅಮ್ಮಣ್ಣಿ. ಆದ್ರೆ ನೀರ್ ಮುಟ್ಟಿದ ಗಾಳಿ ನಡೀಬೇಕು. ನಿಂತ್ರೆ ಇಸ."

ಕದಿರಮ್ಮ ಅಪ್ಪನನ್ನು ನೋಡಿದಳು. ಅಪ್ಪ ಗಣಿಯಲ್ಲಿ ಏನು ಮಾಡುತ್ತಾನೆ ಎಂದು ಚಿಕ್ಕಂದಿನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯ ಹುಡುಗಿಯರು ಕೇಳಿದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ಅವರಪ್ಪಂದಿರು ಬಂಡೆ ಕೊರೆಯುತ್ತಿದ್ದರು, ಮದ್ದು ಸಿಡಿಸುತ್ತಿದ್ದರು. ಅವಳಪ್ಪ ಗಾಳಿ ನೋಡಿಕೊಳ್ಳುತ್ತಿದ್ದ. ಯಾವ ಸುರಂಗಕ್ಕೆ ಗಾಳಿ ಹೋಗಬೇಕು, ಯಾವ ಬಾಗಿಲು ಮುಚ್ಚಬೇಕು, ಎಲ್ಲಿ ಗೋಣಿಪರದೆ ಕಟ್ಟಿ ಗಾಳಿಯನ್ನು ತಿರುಗಿಸಬೇಕು, ಅದೇ ಅವನ ಕೆಲಸ. "ಗಾಳಿ ನೋಡ್ಕೊಳ್ಳಕ್ಕೂ ಸಂಬಳಾನಾ?" ಎಂದು ಅವರು ಕಿಸಕ್ಕೆಂದದ್ದು ಅವಳಿಗೆ ಮರೆತಿರಲಿಲ್ಲ.

ಮುನಿಸ್ವಾಮಪ್ಪ ಹುಳದ ಮನೆಯ ಸುತ್ತ ದೂರದಿಂದಲೇ ಒಂದು ಸುತ್ತು ಹಾಕಿದ. ಉತ್ತರಕ್ಕೆ ಬಾಗಿಲು, ಅದರೆದುರು ಹುಣಸೆ ಮರದ ನೆರಳು. ದಕ್ಷಿಣದ ಗೋಡೆಗೆ ಅಂಟಿಕೊಂಡೇ ಬಚ್ಚಲುಮನೆ. ಅದರಲ್ಲಿ ತಾಮ್ರದ ಹಂಡೆ ಕೂರಿಸಿದ ದೊಡ್ಡ ಒಲೆ, ಒಲೆಯ ಮೇಲೆ ಎರಡಾಳೆತ್ತರದ ಹೊಗೆಗೂಡು. ಅವನು ಹೊಗೆಗೂಡಿನ ಕೆಳಗೆ ನಿಂತು, ಕತ್ತೆತ್ತಿ, ಹೆಣ್ಣು ನೋಡಲು ಬಂದವನ ಹಾಗೆ ಅದನ್ನೇ ನೋಡಿದ. ಆಮೇಲೆ ಅಂದ:

"ಬಚ್ಚಲೊಲೆಗೆ ಬೆಂಕಿ ಆಕ್ಬೇಕು."

ಅಕ್ಕಯ್ಯಮ್ಮ ಸೂರ್ಯನನ್ನೊಮ್ಮೆ, ಬೀಗರನ್ನೊಮ್ಮೆ ನೋಡಿದಳು. ಬೇಲಿಯಾಚೆಯಿಂದ ಅಮ್ಮಾಜಮ್ಮ ಕೂಗಿದಳು. "ಅಯ್ಯೋ ದೇವುಡಾ! ಈ ಬಿಸ್ಲಲ್ಲಿ ಬಿಸ್ನೀರ್ ಸ್ನಾನ ಮಾಡುಸ್ತಾನಂತೆ ಉಳಗಳಿಗೆ! ಎಣ್ಣೆ ಸೀಗೇಕಾಯಿ ನಾನ್ ಕೊಡ್ತೀನಿ ತಗೋರಣ್ಣೋ!"

ಮುನಿಸ್ವಾಮಪ್ಪ ಅವಳ ಕಡೆ ತಿರುಗಲೂ ಇಲ್ಲ. ಮಗಳಿಗೆ ಮಾತ್ರ, ಅವಳು ಮೂರನೇ ಕ್ಲಾಸಿನವಳೇನೋ ಎಂಬಂತೆ ಬಿಡಿಸಿ ಹೇಳಿದ. ಬೆಂಕಿ ಉರಿದರೆ ಹೊಗೆಗೂಡಿನಲ್ಲಿ ಬಿಸಿ ಗಾಳಿ ಮೇಲೇರುತ್ತದೆ. ಏರಿದ್ದಕ್ಕೆ ಬದಲು ಒಲೆ ಬಚ್ಚಲಿನ ಗಾಳಿಯನ್ನು ಎಳೆಯುತ್ತದೆ. ಬಚ್ಚಲಿನ ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ, ನಡುಗೋಡೆಯ ಮೇಲುಗಡೆ ಒಂದು ತೂತು ಮಾಡಿದರೆ, ಅದು ಹುಳದ ಮನೆಯ ಗಾಳಿಯನ್ನೇ ಎಳೆಯಬೇಕು. ಹುಳದ ಮನೆಯ ಕಿಟಕಿಗಳನ್ನೂ ಮುಚ್ಚಿ ಉತ್ತರದ ಬಾಗಿಲೊಂದನ್ನು ಬಿಟ್ಟರೆ, ಹೊರಗಿನ ಗಾಳಿ ಆ ಒದ್ದೆ ಗೋಣಿಯೊಳಗಿಂದ ತಣ್ಣಗಾಗಿಕೊಂಡೇ ಬರಬೇಕು.

"ದೊಡ್ಡ ಪ್ಯಾನ್‌ಗಳು ಬರೋಕ್ ಮುಂಚೆ ಗಣೀಲಿ ಇಂಗೇ ಮಾಡ್ತಿದ್ರು ಅಂತ ನಮ್ ಮೇಸ್ತ್ರಿ ಏಳ್ತಿದ್ದ. ಬಾವಿ ತಳದಾಗೆ ಬೆಂಕಿ ಆಕಿ ಗಾಳಿ ಎಳ್ಯೋದು. ನಾನೂ ಮಾಡಿಲ್ಲಮ್ಮಣ್ಣಿ. ಇದೇ ಮೊದ್ಲು."

"ಒಗೆ ಒಳಕ್ಕೆ ಬಂದ್ರೆ?" ಎಂದಳು ಕದಿರಮ್ಮ. "ನಿನ್ ಒಗೆಸೊಪ್ಪಿನ ವಾಸ್ನೆ ಬಂದ್ರೆ?"

"ಗಾಳಿ ನಿನ್ ಕಡೆಯಿಂದ ನನ್ ಕಡೀಕೆ ಬತ್ತದೆ. ನನ್ ಕಡೆಯಿಂದ ನಿನ್ ಕಡೀಕೆ ಓಗಲ್ಲ. ಅಂಗೆ ಓದ್ರೆ ನಾನು ಮೂವತ್ತೊಂದು ವರ್ಸ ಸುಳ್ಳು ಸಂಬಳ ತಿಂದಿವ್ನಿ ಅಂತ ತಿಳ್ಕೋ."

ಕದಿರಮ್ಮ ಒಂದು ಗಳಿಗೆ ನಿಂತಳು. ಹುಳದ ಮನೆಗೆ ಹೊಗೆ ನುಗ್ಗಿದರೆ ನಲವತ್ತು ಸಾವಿರವೂ ಸಂಜೆಯೊಳಗೆ ಕಸ. ಸುಮ್ಮನಿದ್ದರೂ ನಾಳೆ ಮಧ್ಯಾಹ್ನದೊಳಗೆ ಕಸ. "ಆರೆ ತತ್ತೀನಿ ಇರು" ಅಂದಳು.

ಹಾರೆ ಹಿಡಿದ ಮುನಿಸ್ವಾಮಪ್ಪ ಬೇರೆಯೇ ಮನುಷ್ಯನಾದ. ಅರವತ್ತಾರರ ಬೆನ್ನು ನೆಟ್ಟಗಾಯಿತು. ಬಚ್ಚಲಿನ ಕಡೆಯಿಂದ ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, ಸಡಿಲ ಇಟ್ಟಿಗೆಯನ್ನು ಹುಡುಕಿದ. ಕದಿರಮ್ಮ ಒಳಗಿನಿಂದ ಒದ್ದೆ ಗೋಣಿಯನ್ನು ಗೋಡೆಗೆ ಒತ್ತಿ ಹಿಡಿದಳು, ಮಣ್ಣು ತಟ್ಟೆಗೆ ಉದುರದಿರಲಿ ಎಂದು. ಆರು ಇಟ್ಟಿಗೆ, ಒಂದೂ ಒಡೆಯದೆ ಬಂದವು. ತೂತಿನಲ್ಲಿ ಅಪ್ಪನ ಮುಖ ಕಾಣಿಸಿತು. ಮೀಸೆಯ ಮೇಲೆಲ್ಲ ಕೆಂಪು ಧೂಳು. ಅಪ್ಪ ಕೆಲಸ ಮಾಡುವುದನ್ನು ಅವಳು ನೋಡಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಅವಳ ಪಾಲಿಗೆ ಅಪ್ಪ ಅಂದರೆ ಕತ್ತಲಲ್ಲಿ ಬುತ್ತಿ ಹಿಡಿದು ಹೋಗುವವನು, ಬಂದು ಸ್ನಾನ ಮಾಡಿ ಗೋಡೆಗೊರಗುವವನು. ನಡುವಿನದ್ದೆಲ್ಲ ನೆಲದ ಕೆಳಗೆ ನಡೆದಿತ್ತು.

ನೊಣ ಬಾರದಂತೆ ಬಾಗಿಲಿಗೆ ಸೊಳ್ಳೆಪರದೆ ಕಟ್ಟಿ, ಅದರ ಮುಂದೆ ಒಂದೇ ಒಂದು ಪದರ ಒದ್ದೆ ಗೋಣಿ ಇಳಿಬಿಟ್ಟರು. ಕಿಟಕಿಗಳ ಸಂದಿಗೆ ಸಗಣಿ ಮೆತ್ತಿದರು. ಹಂಡೆಗೆ ನೀರು ತುಂಬಿ, ಒಣಗಿದ ಹಿಪ್ಪುನೇರಳೆ ಕಡ್ಡಿ ಒಟ್ಟಿ, ಮುನಿಸ್ವಾಮಪ್ಪ ಒಳಗಿನಿಂದ ಬಚ್ಚಲಿನ ಬಾಗಿಲು ಮುಚ್ಚಿಕೊಂಡ. ಬೆಂಕಿಯ ಜೊತೆ ಒಂದೇ ಕೋಣೆಯಲ್ಲಿ ಅವನೇ ಕೂರಬೇಕಿತ್ತು. ಉರಿ ಹೆಚ್ಚಾದರೆ ಹೊಗೆಗೂಡು ಬಿರಿಯುತ್ತದೆ, ಕಮ್ಮಿಯಾದರೆ ಎಳೆತ ನಿಲ್ಲುತ್ತದೆ.

ಕಡ್ಡಿ ಗೀರಿದ ಸದ್ದು ತೂತಿನಲ್ಲಿ ಕೇಳಿಸಿತು. ಕದಿರಮ್ಮ ಚಿಟಿಕೆ ಹಿಟ್ಟು ಹಿಡಿದು ನಿಂತಳು. ಬಿಟ್ಟಳು. ನೆಟ್ಟಗೆ ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚಿಟಿಕೆ. ಅದೂ ನೆಟ್ಟಗೆ. ಮೂರನೆಯದು ಗಾಳಿಯಲ್ಲಿ ಅನುಮಾನ ಪಟ್ಟುಕೊಂಡ ಹಾಗೆ ತಡೆದು, ಒಂದಿಷ್ಟು ವಾಲಿತು. ನಾಲ್ಕನೆಯದು ಕೆಳಕ್ಕೆ ಬೀಳಲೇ ಇಲ್ಲ. ತೆಳ್ಳಗಿನ ಹೊಗೆಯಂತೆ ಉದ್ದವಾಗಿ ಹಿಗ್ಗಿ ತಟ್ಟೆಗಳ ಮೇಲೆ ತೇಲಿಕೊಂಡು ಸೀದಾ ತೂತಿನೊಳಕ್ಕೆ ನುಸುಳಿತು.

"ಅಪ್ಪಾ, ಓಯ್ತು! ನಿನ್ ಕಡೀಕೆ ಓಯ್ತು!"

"ಗೊತ್ತಾಯ್ತು. ಮೀಸೆ ಮೇಲೆ ಬಿತ್ತು" ಅಂದಿತು ಗೋಡೆ.

ಬಾಗಿಲ ಗೋಣಿ ಯಾರೋ ಉಸಿರೆಳೆದ ಹಾಗೆ ಒಳಮುಖವಾಗಿ ಉಬ್ಬಿತು. ಕದಿರಮ್ಮನ ಕಣಕಾಲಿಗೆ ತಣ್ಣಗೆ ಏನೋ ಸೋಕಿತು. ಹಾವು ಎಂದು ಬೆಚ್ಚಿ ನೋಡಿದರೆ ಗಾಳಿ. ಅವಳು ಹುಚ್ಚಿಯ ಹಾಗೆ ನಕ್ಕಳು. ಅರ್ಧ ಗಂಟೆಯಲ್ಲಿ ಮೂವತ್ತೆಂಟು ಮೂವತ್ತೈದಾಯಿತು.

ಕೆಟ್ಟದ್ದು ಆದದ್ದು ಆಮೇಲೆ, ಅದೂ ಒಳ್ಳೆಯ ಮನಸ್ಸಿನಿಂದಲೇ. ಮುದುಕ ಬೇಯುತ್ತಿದ್ದಾನಲ್ಲ ಎಂದು ಮರುಗಿದ ಅಕ್ಕಯ್ಯಮ್ಮ ಒಂದು ಚೊಂಬು ಮಜ್ಜಿಗೆ ಹಿಡಿದು ಬಚ್ಚಲಿನ ಬಾಗಿಲನ್ನು ದಬ್ಬಿಕೊಂಡು ಹೋದಳು. ಹೊರಗಿನ ಗಾಳಿ ಭರ್ರನೆ ನುಗ್ಗಿತು. ಒಲೆಯಿಂದ ಹೊಗೆ ಗುಪ್ಪೆಂದು ಹೊರಬಿದ್ದು, ಗಾಳಿ ದಬ್ಬಿದ ಕಡೆಗೆ, ತೂತಿನೊಳಕ್ಕೆ ನುಗ್ಗಿತು. ಹತ್ತಿರದ ತಟ್ಟೆಯ ಹುಳುಗಳೆಲ್ಲ ಒಮ್ಮೆಲೇ ತಲೆ ಕೊಡವಿದವು. ಕದಿರಮ್ಮ ಸೆರಗು ಸೆಳೆದು ತೂತಿಗೆ ತುರುಕಿದಳು.

"ಬಾಗ್ಲೂ!"

ಮುನಿಸ್ವಾಮಪ್ಪನ ಆ ಕೂಗಿಗೆ ಹುಣಸೆ ಮರದ ಕಾಗೆಗಳೆಲ್ಲ ಹಾರಿದವು. ನೇರಳೆಗುಟ್ಟದಲ್ಲಿ ಅಕ್ಕಯ್ಯಮ್ಮನ ಮೇಲೆ ಆವರೆಗೆ ಯಾರೂ ದನಿ ಎತ್ತಿರಲಿಲ್ಲ, ಅವಳ ಗಂಡನೂ ಸಹ. ಚೊಂಬು ಕೈ ಜಾರಿತು. ಬಾಗಿಲು ತನ್ನಷ್ಟಕ್ಕೆ ಮುಚ್ಚಿದಂತೆ ಮುಚ್ಚಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮೆತ್ತಗಿನ ದನಿ: "ತಪ್ಪಾಯ್ತು ಅಕ್ಕಯ್ಯಮ್ಮನೋರೇ. ಗಾಳಿ ದೊಡ್ಡ ಸೋಂಬೇರಿ. ಅತ್ತಿರದ ದಾರಿ ಸಿಕ್ರೆ ದೂರದ್ದು ಬಿಟ್ಬುಡ್ತದೆ. ಅದ್ಕೇ ಬಾಗ್ಲು ತೆಗೀಬಾರ್ದು. ಅಡೀಲಿ ನಾವು ಸಾಯೇಬ್ರು ಬಂದ್ರೂ ಇಂಗೇ ಕೂಗೋದು."

"ಸಾಯೇಬ್ರಿಗೂ ಕೂಗ್ತಿದ್ರಾ?"

"ಇನ್ನೂ ಜೋರಾಗಿ."

ಅಕ್ಕಯ್ಯಮ್ಮನಿಗೆ ಸಮಾಧಾನವಾಯಿತು. ಆಗಿನಿಂದ ಅವಳು ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕೂತಳು. ನೋಡಲು ಬಂದವರಿಗೆಲ್ಲ, "ಬಾಗ್ಲು ಮುಟ್ಟೀಯೆ, ಗಾಳಿಗೆ ಸೋಂಬೇರಿತನ" ಎಂದು ತಾನೇ ಮೇಸ್ತ್ರಿಯಂತೆ ಬೋಧಿಸಿದಳು. ಅಮ್ಮಾಜಮ್ಮನೂ ಬಂದಳು. ಬಾಗಿಲ ಗೋಣಿಗೆ ಕೈಯೊಡ್ಡಿ, ಗಾಳಿ ಒಳಕ್ಕೆ ಎಳೆಯುವುದನ್ನು ಬೆರಳಿನಿಂದ ಮುಟ್ಟಿ ನೋಡಿ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಸೊಂಟದ ಮೇಲೊಂದು ತಲೆ ಮೇಲೊಂದು ಬಿಂದಿಗೆ ಹೊತ್ತು ಬಂದು ಗೋಣಿಗೆ ನೀರು ಸುರಿದಳು. "ನೋಡ್ತಾ ಕೂತ್ರೆ ನೀರು ತಾನೇ ಬತ್ತದಾ? ಬೋರಿಂಗ್ ಕೈಪಂಪು ಒಡೀಬೇಕು, ಬನ್ರೇ" ಎಂದು ಬೇರೆ ಹೆಂಗಸರನ್ನೂ ಎಬ್ಬಿಸಿಕೊಂಡು ಹೋದಳು.

ನಾಲ್ಕು ಗಂಟೆಗೆ ಮೂವತ್ತೊಂದು. ಕದಿರಮ್ಮ ಹೊಸ ಸೊಪ್ಪು ಹಾಕಿ ಉಸಿರು ಹಿಡಿದು ನಿಂತಳು. ಮೊದಲು ಒಂದು ಮೂಲೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ, ಆಮೇಲೆ ನಲವತ್ತು ತಟ್ಟೆಗಳಿಂದಲೂ ಸರಸರ ಶುರುವಾಯಿತು. ತೂತಿನ ಹತ್ತಿರ ಬಾಯಿಟ್ಟು, "ಮೇಯ್ತಾ ಅವೆ ಅಪ್ಪಾ" ಅಂದಳು. ಆಚೆಯಿಂದ ಒಂದು ಕಡ್ಡಿ ಚಟ್ ಎಂದು ಮುರಿದ ಸದ್ದು, ಅಷ್ಟೆ.

ಸಂಜೆ ಬಂದ ಕೋದಂಡಪ್ಪ ಗೋಡೆಯ ತೂತನ್ನೂ, ಬೆವರಿನಲ್ಲಿ ತೊಯ್ದು ಕೂತ ಮಾವನನ್ನೂ, ಥರ್ಮಾಮೀಟರನ್ನೂ ನೋಡಿದ. "ಇವತ್ತು ಉಳೀತು. ನಾಳೆ ಇದಕ್ಕಿಂತ ಬಿಸ್ಲು ಅಂತ ರೇಡಿಯೋದಾಗೆ ಏಳ್ದ" ಅಂದ. ರಾತ್ರಿ ತಂಪಾದ ಮೇಲೆ ತೂತಿಗೆ ಗೋಣಿ ತುರುಕಿ ಬೆಂಕಿ ಆರಿಸಿದರು. ಬೆಳಿಗ್ಗೆ ಅವನು ಎಂದಿನಂತೆ ರೈಲಿಗೆ ಹೋದ.

ರೇಡಿಯೋ ಸುಳ್ಳು ಹೇಳಿರಲಿಲ್ಲ. ಮಾರನೆಯ ದಿನ ಒಂಬತ್ತಕ್ಕೇ ಬೆಂಕಿ ಹಾಕಬೇಕಾಯಿತು. ಮುನಿಸ್ವಾಮಪ್ಪ ಒಂದು ತುಂಡು ಪಂಚೆ ಉಟ್ಟು, ತಲೆಗೆ ಒದ್ದೆ ಬಟ್ಟೆ ಸುತ್ತಿ, ಪಕ್ಕದಲ್ಲಿ ಉಪ್ಪು ಹಾಕಿದ ರಾಗಿ ಅಂಬಲಿಯ ಕುಡಿಕೆ ಇಟ್ಟುಕೊಂಡು ಕೂತ. ಕದಿರಮ್ಮ ಸೊಪ್ಪು ಹಾಕುತ್ತ ತೂತಿನಲ್ಲಿ ಇಣುಕಿದಾಗಲೆಲ್ಲ ಅವನು ಅದೇ ಭಂಗಿಯಲ್ಲಿರುತ್ತಿದ್ದ. ಕಣ್ಣು ಉರಿಯ ಮೇಲೆ. ಉರಿಯ ಬಣ್ಣ ನೋಡಿ ಕಡ್ಡಿ ಮುಂದಕ್ಕೆ ತಳ್ಳುವನು, ಹಿಂದಕ್ಕೆ ಎಳೆಯುವನು. ಒಂದು ಕಡ್ಡಿಯೂ ದಂಡವಿಲ್ಲ. ಮೈಯಿಂದ ಬೆವರು ಇಳಿದು ಇಳಿದು ಕೂತ ಹಲಗೆ ಕಪ್ಪಾಗಿತ್ತು. "ಸಾಕಾದ್ರೆ ಏಳಪ್ಪ, ಅರ್ಧ ಗಂಟೆ ನಾನ್ ಕೂತ್ಕತೀನಿ" ಅಂದರೆ, "ಇದೇನ್ ಬಿಸಿ ಅಮ್ಮಣ್ಣಿ? ಅಡೀಲಿ ಬಂಡೆಗೆ ಒರಗಿದ್ರೆ ಬೆನ್ನು ಬೊಬ್ಬೆ ಬರ್ತಿತ್ತು. ನೀನ್ ನಿನ್ ಉಳ ನೋಡು" ಎನ್ನುವನು.

ಹುಡುಗಿಯರು ಕಿಸಕ್ಕೆಂದಾಗ ಇದನ್ನು ಹೇಳಲು ತನಗೆ ಗೊತ್ತಿರಲಿಲ್ಲವಲ್ಲ ಅನ್ನಿಸಿತು ಅವಳಿಗೆ. ಬಂಡೆ ಕೊರೆಯುತ್ತಿದ್ದ ಅವರಪ್ಪಂದಿರೆಲ್ಲ ಉಸಿರಾಡಿದ್ದು ತನ್ನಪ್ಪ ಕಳಿಸಿದ ಗಾಳಿ.

ಒಂದೂವರೆ ಗಂಟೆಗೆ ತೂತು ಮಾತಾಡಿತು: "ಅಮ್ಮಣ್ಣೀ, ಸೌದೆ."

ಸೌದೆ ಇರಲಿಲ್ಲ. ಹಿಪ್ಪುನೇರಳೆ ಕಡ್ಡಿ ನಿನ್ನೆಯೇ ಮುಗಿದಿತ್ತು. ಅಟ್ಟದ ಸೌದೆ ಬೆಳಿಗ್ಗೆ, ಅಮ್ಮಾಜಮ್ಮ ಕೊಟ್ಟ ಎರಡು ಹೊರೆ ಈಗ. ಬೆರಣಿ ಹಾಕಿದರೆ ಹೊಗೆ ಜಾಸ್ತಿ.

"ಮುಗೀತಪ್ಪ."

"ಮುಗೀತು ಅಂದ್ರೆ? ಬೆಂಕಿ ಆರಿದ್ರೆ ಗಾಳಿ ಇಂದಕ್ಕೆ ತಿರುಗ್ತದೆ. ಬೂದಿ ಒಗೆ ಎಲ್ಲಾ ನಿನ್ ಕಡೀಕೆ. ಇರೋದು ಅರ್ಧ ಗಂಟೆ."

ಅವಳು ಹೊರಗೆ ಬಂದು ಹಿತ್ತಲು ಸುತ್ತಿದಳು. ಕೊಟ್ಟಿಗೆಯ ಹಿಂದೆ ನೀಲಗಿರಿ ಗೂಟಗಳ ಕಟ್ಟುಗಳು ಒರಗಿದ್ದವು. ಟೊಮೇಟೊ ಗಿಡಕ್ಕೆ ಊರುಗೋಲು ಕೊಡಲೆಂದು ಹೋದ ಭಾನುವಾರ ಕೋದಂಡಪ್ಪ ಬೇತಮಂಗಲದಿಂದ ಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದ. ಚೆನ್ನಾಗಿ ಒಣಗಿದ್ದವು.

ಬೆನ್ನ ಹಿಂದೆ ಅಕ್ಕಯ್ಯಮ್ಮ ಬಂದು ನಿಂತಳು. "ಬ್ಯಾಡ ಕಣೇ. ಅದನ್ ಮುಟ್ಟಿದ್ರೆ ಅವ್ನು ಬಂದ್ ಮೇಲೆ ಮನೆ ರಣರಂಗ ಆಗೋಯ್ತದೆ. ಉಳಾನೂ ಓಗಿ ಗೂಟಾನೂ ಓದ್ರೆ ಏನ್ ಜವಾಬು ಏಳ್ತೀಯ?"

ಎರಡೂ ಹೋಗಬಹುದು. ಆಮೇಲೆ ಹುಳದ ಮಾತನ್ನು ಈ ಮನೆಯಲ್ಲಿ ಎತ್ತುವ ಹಾಗೇ ಇಲ್ಲ. ಅವಳು ಒಂದು ಕಟ್ಟಿನ ಹಗ್ಗಕ್ಕೆ ಕೈ ಹಾಕಿ ಎಳೆದಳು. ಭಾರ. ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಗುರಾಯಿತು. ತಿರುಗಿ ನೋಡಿದರೆ ಹಿಂದಿನ ತುದಿಯನ್ನು ಅತ್ತೆ ಎತ್ತಿ ಹಿಡಿದಿದ್ದಳು. "ನನ್ ಮುಖ ಏನ್ ನೋಡ್ತೀಯ, ನ‌ಡಿ. ಅರ್ಧ ಗಂಟೆ ಅಂದವ್ರೆ ಬೀಗರು."

ಬಚ್ಚಲಿನ ಬಾಗಿಲನ್ನು ಗೇಣಗಲ ತೆಗೆದು, ಗೂಟಗಳನ್ನು ಒಂದೊಂದಾಗಿ ಒಳಕ್ಕೆ ತಳ್ಳಿ, ತಕ್ಷಣ ಮುಚ್ಚಿದರು. ನೀಲಗಿರಿ ಚಟಪಟ ಎಂದು ಹತ್ತಿಕೊಂಡಿತು. ಬಾಗಿಲ ಗೋಣಿ ಮತ್ತೆ ಒಳಕ್ಕೆ ಉಬ್ಬಿತು.

ಮೂರೂವರೆಗೆ ಸೊಪ್ಪು ಹಾಕಲು ಹೋದ ಕದಿರಮ್ಮ ಮೂರನೇ ಅಂಕಣದ ತಟ್ಟೆಯ ಮುಂದೆ ನಿಂತುಬಿಟ್ಟಳು. ಒಂದು ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬಂದಿತ್ತು. ಕತ್ತೆತ್ತಿ ಅತ್ತ ಇತ್ತ ತೂಗುತ್ತಿತ್ತು. ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಗಂಟಲು ಮಾಗಿದ ದ್ರಾಕ್ಷಿಯಂತೆ ಪಾರದರ್ಶಕ, ಹೊನ್ನಿನ ಬಣ್ಣ.

"ಅತ್ತೇ, ಚಂದ್ರಿಕೆ ತರ್ಸಿ! ಉಳ ಅಣ್ಣಾಗೈತೆ!"

ಬಿದಿರಿನ ಚಂದ್ರಿಕೆಗಳು, ಅಂದರೆ ಹುಳು ಗೂಡು ಕಟ್ಟಲು ಸುತ್ತುಸುತ್ತಾಗಿ ಪಟ್ಟಿ ಹೆಣೆದ ಆಳೆತ್ತರದ ಚಾಪೆಗಳು, ಅಟ್ಟದಿಂದ ಇಳಿದವು. ಅವಳು ತೂತಿನ ಹತ್ತಿರ ಓಡಿದಳು. "ಅಣ್ಣಾಯ್ತಪ್ಪ! ಇನ್ನು ಬೆಂಕಿ ಆರ್ಸಿ ಈಚೆ ಬಾ."

"ಗೂಡು ಕಟ್ಟುವಾಗ ಉಳ ನೀರ್ ಬಿಡ್ತದೆ ಅಂತ ಅವತ್ತು ನೀನೇ ಏಳಿದ್ಯಲ್ಲ. ಒದ್ದೆ ಆಗಲ್ವಾ?"

"ಆಗ್ತದೆ."

"ಅಂಗಾದ್ರೆ ಈಗ್ಲೇ ಗಾಳಿ ಬೇಕಿರೋದು. ಓಗು, ಓಗು."

ಅವತ್ತು ಕೋದಂಡಪ್ಪ ಐದು ಗಂಟೆಗೇ ಬಂದ. ಗೋಡೌನಿನಲ್ಲಿ ಅರ್ಧ ದಿನ ರಜೆ ಹೇಳಿದ್ದನಂತೆ. ಸೈಕಲ್ ನಿಲ್ಲಿಸಲು ಕೊಟ್ಟಿಗೆಯ ಹಿಂದೆ ಹೋದವನು ಅಲ್ಲೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಬಂದು ಹುಳದ ಮನೆಯ ಬಾಗಿಲಾಚೆ ನಿಂತು, ಗೋಣಿಯ ಮೂಲಕವೇ ಕೇಳಿದ:

"ಗೂಟ?"

ಕದಿರಮ್ಮನ ಎರಡೂ ಅಂಗೈ ತುಂಬ ಹುಳುಗಳಿದ್ದವು. "ಬೈಯೋದಿದ್ರೆ ಆಮೇಲೆ ಬೈ. ಕಾಲು ತೊಳ್ಕಂಡು ಒಳಕ್ಕೆ ಬಾ. ಅಣ್ಣಾಗಿರೋ ಉಳ ಕಾಯಲ್ಲ."

ನೀರು ಸುರಿದುಕೊಂಡ ಸದ್ದಾಯಿತು. ಗೋಣಿ ಸರಿಸಿ ಒಳಗೆ ಬಂದ ಕೋದಂಡಪ್ಪ ಒಂದು ಹೆಜ್ಜೆ ಇಟ್ಟು ನಿಂತ. ಬಿಸಿಲಲ್ಲಿ ಐದು ಮೈಲಿ ಸೈಕಲ್ ತುಳಿದು ಬಂದವನ ಬೆವತ ಬೆನ್ನಿಗೆ ಗಾಳಿ ತಾಗಿತು. ಅವನು ಕತ್ತು ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದ. ಮೂಲೆಯಲ್ಲಿ ಅವನ ಎರಡು ಟೇಬಲ್ ಫ್ಯಾನುಗಳು ಸುಮ್ಮನೆ ನಿಂತಿದ್ದವು. ಅವನು ಹೆಂಡತಿಯ ಪಕ್ಕ ಕೂತು ಹಣ್ಣು ಹುಳುಗಳನ್ನು ಆಯತೊಡಗಿದ. ಅವನ ಕೈ ಸರಾಗ. ಗಂಟಲ ಬಣ್ಣ ನೋಡಿ, ಮೆತ್ತಗೆ ಎತ್ತಿ, ಚಂದ್ರಿಕೆಯ ಸುತ್ತಿನಲ್ಲಿ ಬಿಡುತ್ತಿದ್ದ. ಆಗಲೇ ಬಿಟ್ಟಿದ್ದ ಹುಳುಗಳು ತಲೆಯನ್ನು ಎಂಟಿನ ಆಕಾರದಲ್ಲಿ ಆಡಿಸುತ್ತ ಮೊದಲ ಎಳೆಗಳನ್ನು ಹಾಕುತ್ತಿದ್ದವು.

"ಎಲ್ಲಾ ಸುಟ್ರಾ?" ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಡುತ್ತ ಕೇಳಿದ.

"ಎರಡು ಕಟ್ಟು ಐತೆ."

ಅಷ್ಟರಲ್ಲಿ ಗೋಡೆಯ ಆಚೆಯಿಂದ ಸವೆದ ದನಿ ಬಂತು: "ಅಮ್ಮಣ್ಣೀ... ಸೌದೆ."

ಕದಿರಮ್ಮ ಏಳಹೊರಟಳು. ಕೋದಂಡಪ್ಪ ಅವಳ ಭುಜ ಒತ್ತಿ ಕೂರಿಸಿ ತಾನೇ ಎದ್ದು ಹೋದ. ಹೊರಗೆ ಅಕ್ಕಯ್ಯಮ್ಮ ಏನೋ ಅಂದದ್ದು, ಬಾಗಿಲು ಕಿರ್ರೆಂದು ತೆರೆದು ಮುಚ್ಚಿದ್ದು ಕೇಳಿಸಿತು. ಆಮೇಲೆ ಗೂಟದ ಕಟ್ಟು ನೆಲಕ್ಕೆ ಬಿದ್ದ ಸದ್ದು, ಅದರ ಹಿಂದೆಯೇ ಇನ್ನೊಂದು.

"ಎರಡೂ ತಂದಿವ್ನಿ ಮಾವ. ಏಳಿ ನೀವಿನ್ನ. ಕಣ್ಣು ನೋಡಿ, ಕೆಂಡ ಆಗೈತೆ. ನಾನ್ ಕೂತ್ಕತೀನಿ."

"ನಿಂಗೆ ಈ ಬೆಂಕಿ ನೋಡಕ್ಕೆ ಬರಲ್ಲ ಕಣಪ್ಪ."

"ಮುಂದಿನ ಬೆಳೆಗೂ ನೀವೇ ಬಂದು ಕೂರಕ್ಕಾಗ್ತದಾ? ಏಳ್ಕೊಡಿ."

ಆಚೆ ಹಲಗೆ ಸರಿದ ಸದ್ದು. ಒಬ್ಬ ಸರಿದು ಇನ್ನೊಬ್ಬನಿಗೆ ಜಾಗ ಕೊಟ್ಟ ಹಾಗೆ. "ಮೊದ್ಲು ಉರಿ ಬಣ್ಣ ನೋಡು" ಎಂದು ಮುನಿಸ್ವಾಮಪ್ಪ ಶುರುಮಾಡಿದ.

ಮುಂದಿನ ಬೆಳೆ. ಕದಿರಮ್ಮನ ಕೈಯಲ್ಲಿದ್ದ ಹುಳು ಕತ್ತೆತ್ತಿ ಕಾಯುತ್ತಿತ್ತು. ಅದನ್ನು ಚಂದ್ರಿಕೆಗೆ ಬಿಟ್ಟು, ಕಣ್ಣು ಮಂಜಾಗಿದ್ದನ್ನು ಮೊಣಕೈಯಿಂದ ಒರೆಸಿಕೊಂಡು, ಇನ್ನೊಂದಕ್ಕೆ ಕೈ ಹಾಕಿದಳು. ಇನ್ನೂ ಮೂವತ್ತೆಂಟು ತಟ್ಟೆಗಳಿದ್ದವು.